16 ವರ್ಷ ನಿಂತ ಕಾಂಟೆಸ್ಸಾ 10 ನಿಮಿಷದಲ್ಲಿ ಸ್ಟಾರ್ಟ್ ಆಗುತ್ತಾ? ಆ ಫಾರ್ವರ್ಡ್ ವಿಡಿಯೊ ತೋರಿಸದ ಸಂಗತಿಗಳು

"ಹೊಸ ಬ್ಯಾಟರಿ ಹಾಕಿ. ಎರಡು ಲೀಟರ್ ಪೆಟ್ರೋಲ್ ಸುರಿಯಿರಿ. ಸೆಕೆಂಡ್ ಗೇರಿಗೆ ಹಾಕಿ ಇಳಿಜಾರಿನಲ್ಲಿ ತಳ್ಳಿ. ಎಷ್ಟು ವರ್ಷ ನಿಂತ ಕಾರಾದರೂ 10 ನಿಮಿಷದಲ್ಲಿ ಸ್ಟಾರ್ಟ್! ಮೆಕ್ಯಾನಿಕ್‌ಗಳು ಹೇಳದ ಗುಟ್ಟು. ಎಲ್ಲ ಗ್ರೂಪಿಗೂ ಕಳಿಸಿ."

ಹೀಗೊಂದು ಸಂದೇಶ, ಜೊತೆಗೊಂದು ವಿಡಿಯೊ, ನಮ್ಮ ತಂಡದ ಗೆಳತಿಯೊಬ್ಬಳ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಕಳಿಸಿದ್ದು ಅವಳ ಸೋದರಮಾವ. ಸಕಲೇಶಪುರದ ಹತ್ತಿರ ಅವರದೊಂದು ಸಣ್ಣ ಕಾಫಿ ತೋಟ. ಮನೆಯ ಹಿಂದಿನ ಹೆಂಚಿನ ಶೆಡ್ಡಿನಲ್ಲಿ ಅವರ ತಂದೆ 1993ರಲ್ಲಿ ಕೊಂಡ ಕಾಂಟೆಸ್ಸಾ ಕ್ಲಾಸಿಕ್ ಕಾರು ನಿಂತಿದೆ. ತಂದೆ ತೀರಿಕೊಂಡ 2009ರಿಂದ ಅದು ಶೆಡ್ ಬಿಟ್ಟು ಹೊರಬಂದಿರಲಿಲ್ಲ. ವಿಡಿಯೊ ಕೆಳಗೆ ಮಾವ ಬರೆದಿದ್ದರು: "ಭಾನುವಾರ ಎಲ್ಲರೂ ಬನ್ನಿ. ಅಪ್ಪನ ಗಾಡಿ ತಳ್ಳಿ ಸ್ಟಾರ್ಟ್ ಮಾಡೋಣ. ಮನೆ ಮುಂದೆ ಇಳಿಜಾರು ಹೇಗೂ ಇದೆ."

ನಾವೂ ಹೋದೆವು. ತಳ್ಳುವ ಮೊದಲು ಮಾತ್ರ ಒಂದು ಕೆಲಸ ಮಾಡಿದೆವು. ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ನೋಡಿದೆವು. ಪೆಡಲ್ ಯಾವ ತಡೆಯೂ ಇಲ್ಲದೆ ನೆಲ ಮುಟ್ಟಿತು. ಇನ್ನೊಮ್ಮೆ ಒತ್ತಿದರೂ ಅಷ್ಟೇ. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಅಲುಗಲೇ ಇಲ್ಲ. ಮಾವ ಹೇಳಿದ ಆ ಇಳಿಜಾರಿನ ಕೊನೆಯಲ್ಲಿ ತೋಟದ ಕೆರೆ ಇದೆ.

ಆ ದಿನ ಕಾರು ತಳ್ಳಲಿಲ್ಲ. ಆಮೇಲೆ ಆರು ಭಾನುವಾರ, ಸಕಲೇಶಪುರದ ಒಬ್ಬ ಹಳೆ ಮೆಕ್ಯಾನಿಕ್ ಅಣ್ಣನ ಜೊತೆ ಸೇರಿ, ಕಡಿಮೆ ಖರ್ಚಿನಲ್ಲೇ ಆ ಕಾರನ್ನು ಎಬ್ಬಿಸಿದೆವು. ನಿಮ್ಮ ಮನೆಯಲ್ಲೂ ಅಪ್ಪನದೋ ತಾತನದೋ ಕಾರು ಧೂಳು ತಿನ್ನುತ್ತಾ ನಿಂತಿರಬಹುದು. ಅದಕ್ಕೇ ಈ ಬರಹ. ಇದರಲ್ಲಿ ನಾವು ಹೇಳಬೇಕಾದ್ದು ಒಂದೇ ಮಾತು: ನಿಂತ ಕಾರನ್ನು ಓಡಿಸುವ ಮೊದಲು ಅದನ್ನು ನಿಲ್ಲಿಸೋದು ಹೇಗೆ ಅಂತ ನೋಡಿಕೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡೋದು ಮೊದಲನೇ ಕೆಲಸ ಅಲ್ಲ, ಹೆಚ್ಚುಕಡಿಮೆ ಕೊನೇ ಕೆಲಸ. ಜೀವ ಉಳಿಯೋದೂ ದುಡ್ಡು ಉಳಿಯೋದೂ ಈ ಕ್ರಮದಿಂದಲೇ.

ಇಷ್ಟಕ್ಕೂ ಕಾಂಟೆಸ್ಸಾ ಅಂದರೆ ಯಾಕಿಷ್ಟು ಪ್ರೀತಿ?

ಹಿಂದೂಸ್ತಾನ್ ಮೋಟರ್ಸ್ ಕಂಪನಿ 1984ರಲ್ಲಿ ಈ ಕಾರನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಎಂಬ ಕಾರಿನ ವಿನ್ಯಾಸವೇ ಇದರ ಮೂಲ. ಉದ್ದನೆಯ ಬಾನೆಟ್, ಅಗಲವಾದ ಮೈ. ಮೊದಲು ಇದಕ್ಕೆ ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಎಂಜಿನ್ನೇ ಇತ್ತು. ಭಾರದ ಕಾರಿಗೆ ಆ ಎಂಜಿನ್ ಸಾಲುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್, 5 ಗೇರು ಬಂದವು. ರಸ್ತೆ ತುಂಬ 796 ಸಿಸಿಯ ಮಾರುತಿ 800 ಓಡುತ್ತಿದ್ದ ಕಾಲದಲ್ಲಿ ಇದು ನಿಜಕ್ಕೂ ವೇಗದ ಕಾರು. 2002ರಲ್ಲಿ ತಯಾರಿ ನಿಂತಿತು.

ಕಡಿಮೆ ಬಜೆಟ್ಟಿನವರಿಗೆ ಇಲ್ಲೊಂದು ಉಪಯೋಗದ ವಿಷಯವಿದೆ. ಕಾಂಟೆಸ್ಸಾದ ಹಳೆ ಎಂಜಿನ್ ಅಂಬಾಸಿಡರ್‌ನದು. 1.8 ಇಸುಜು ಎಂಜಿನ್ನನ್ನೂ ಮುಂದೆ ಅಂಬಾಸಿಡರ್‌ಗೆ ಹಾಕಿದರು. ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು. ಹಾಗಾಗಿ "ಕಾಂಟೆಸ್ಸಾ ಪಾರ್ಟ್ಸ್ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುವ ಅಂಗಡಿಯವರೇ "ಅಂಬಾಸಿಡರ್ 1800 ಎಂಜಿನ್ನಿಂದು ಇದೆಯಾ" ಅಂದರೆ ಒಳಗಿನಿಂದ ತಂದುಕೊಡುವುದುಂಟು. ಯಾವ ಹಳೆ ಕಾರಾದರೂ ಸರಿ, ಅದರ ಎಂಜಿನ್ ಬೇರೆ ಯಾವ ಗಾಡಿಯಲ್ಲಿತ್ತು ಅಂತ ಮೊದಲು ತಿಳಿದುಕೊಳ್ಳಿ.

ಮೊದಲು ಕಾಗದ, ಆಮೇಲೆ ಸ್ಪಾನರ್

ಫಾರ್ವರ್ಡ್ ಹೇಳೋದು: "15 ವರ್ಷ ದಾಟಿದ ಕಾರು ರಸ್ತೆಗೆ ಬಂದರೆ ಸೀಜ್, ನೇರ ಗುಜರಿಗೆ."

ನಿಜ ಏನು: ಕರ್ನಾಟಕದಲ್ಲಿ ಖಾಸಗಿ ಕಾರಿಗೆ 15 ವರ್ಷ ಆಯಿತು ಅನ್ನುವ ಒಂದೇ ಕಾರಣಕ್ಕೆ ಗುಜರಿ ಕಡ್ಡಾಯ ಇಲ್ಲ. ಎರಡು ಬೇರೆ ಬೇರೆ ಸುದ್ದಿ ಸೇರಿ ಈ ಗೊಂದಲ ಹುಟ್ಟಿದೆ. ಹಳೆ ಪೆಟ್ರೋಲ್, ಡೀಸೆಲ್ ಗಾಡಿಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ, ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ಆದೇಶಗಳು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದವು. 15 ವರ್ಷ ದಾಟಿದರೆ ಗುಜರಿಗೆ ಎಂಬ ನಿಯಮ 2023ರ ಏಪ್ರಿಲ್‌ನಿಂದ ಸರ್ಕಾರಿ ವಾಹನಗಳಿಗೆ ಬಂದದ್ದು.

ಆದರೆ ನೋಂದಣಿ ನವೀಕರಿಸಲೇಬೇಕು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ತಪಾಸಣೆಯಲ್ಲಿ ಪಾಸಾದರೆ ಮುಂದೆ ಐದೈದು ವರ್ಷಕ್ಕೆ ನವೀಕರಣ. ಅದಕ್ಕೆ ಫಾರಂ 25. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಲು ಫಾರಂ 31. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ರೂಪಾಯಿ ಆಯಿತು. ಕಾಂಟೆಸ್ಸಾ ತಯಾರಿ ನಿಂತದ್ದೇ 2002ರಲ್ಲಿ. ಅಂದರೆ ಎಲ್ಲ ಕಾಂಟೆಸ್ಸಾಗಳೂ ಈ ಲೆಕ್ಕಕ್ಕೆ ಬರುತ್ತವೆ. ಇದರ ಮೇಲೆ ಹಸಿರು ತೆರಿಗೆ, ತಡವಾದದ್ದಕ್ಕೆ ದಂಡ ಸೇರಬಹುದು. ಆರ್‌ಟಿಒ ಕಚೇರಿಗೆ ಹೋಗಿ ನಿಮ್ಮ ಗಾಡಿಯ ನಂಬರ್ ಕೊಟ್ಟು ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ.

"ವಿಂಟೇಜ್ ಅಂತ ಮಾಡಿಸಿಬಿಡಿ" ಅನ್ನುವವರೂ ಇದ್ದಾರೆ. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. 1984ರ ಕಾಂಟೆಸ್ಸಾಗೂ ಇನ್ನೂ ಆ ವಯಸ್ಸಾಗಿಲ್ಲ.

ಮಾವನ ಕಾರಿನ ಆರ್‌ಸಿ ಅವರ ತಂದೆಯ ಹೆಸರಿನಲ್ಲಿತ್ತು, ಅವಧಿ 2008ಕ್ಕೇ ಮುಗಿದಿತ್ತು. ಆರ್‌ಸಿ ಪುಸ್ತಕ ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕಿದ ಮೇಲೆ, ಅದರಲ್ಲಿದ್ದ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಗಾಡಿಗೆ ತಾಳೆಯಾಗುತ್ತವೆ ಅಂತ ನೋಡಿಕೊಂಡ ಮೇಲೆಯೇ ಕೆಲಸಕ್ಕೆ ಕೈ ಹಾಕಿದೆವು. ಕಾಗದವೇ ಸರಿಯಿಲ್ಲದ ಗಾಡಿಗೆ ಸುರಿದ ದುಡ್ಡು ಶೆಡ್ಡಿನಲ್ಲೇ ಉಳಿಯುತ್ತದೆ.

ಬಾನೆಟ್ ತೆಗೆಯುವಾಗ ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್

ವರ್ಷಗಟ್ಟಲೆ ನಿಂತ ಕಾರು ಇಲಿಗಳಿಗೆ ಮನೆ. ನಾವು ಏರ್ ಫಿಲ್ಟರ್ ಡಬ್ಬಿ ತೆಗೆದಾಗ ಒಳಗೆ ಗೂಡು ಸಿಕ್ಕಿತು. ನಾಲ್ಕು ಕಡೆ ವೈರು ಕಡಿದಿದ್ದವು. ಮಲೆನಾಡಿನಲ್ಲಿ ಹಾವೂ ಇರಬಹುದು, ಸೀಟಿನ ಕೆಳಗೆ ಕೋಲು ಆಡಿಸದೆ ಕೈ ಹಾಕಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ಒಣ ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸುವ ಬದಲು, ಸೋಂಕುನಾಶಕ ಸಿಂಪಡಿಸಿ ಒದ್ದೆ ಮಾಡಿ ಒರೆಸಿ.

ಬ್ರೇಕ್ ಡ್ರಮ್ಮಿನೊಳಗಿನ ಧೂಳಿಗೂ ಇದೇ ಎಚ್ಚರ ಬೇಕು. ಆ ಕಾಲದ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ನಾರು ಶ್ವಾಸಕೋಶಕ್ಕೆ ಸೇರಿದರೆ ಹಲವು ವರ್ಷಗಳ ನಂತರ ಕ್ಯಾನ್ಸರ್ ಬರುವ ಅಪಾಯವಿದೆ. ಗ್ಯಾರೇಜುಗಳಲ್ಲಿ ಗಾಳಿ ಹೊಡೆದು ಡ್ರಮ್ ಸ್ವಚ್ಛ ಮಾಡುವ ಅಭ್ಯಾಸ ಇದೆ. ಅದು ಬೇಡ. ನೀರು ಸಿಂಪಡಿಸಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಕಾರಿನ ಕೆಳಗೆ ಹೋಗುವುದಿದ್ದರೆ ಬರೀ ಜಾಕಿ ನಂಬಬೇಡಿ. ಸಿಮೆಂಟ್ ಹಾಲೋ ಬ್ಲಾಕ್ ಇಟ್ಟರೆ ಸಾಕು ಅನ್ನುತ್ತಾರೆ. ಭಾರ ಒಂದೇ ಕಡೆ ಬಿದ್ದರೆ ಅದು ಸದ್ದಿಲ್ಲದೆ ಪುಡಿಯಾಗುತ್ತದೆ. ಗ್ಯಾರೇಜಿನಿಂದ ಜಾಕ್ ಸ್ಟ್ಯಾಂಡ್ ತಂದು, ಗಟ್ಟಿ ನೆಲದ ಮೇಲೆ ಇಟ್ಟು, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟ ಮೇಲೆಯೇ ಕೆಳಗೆ ನುಗ್ಗಿ.

ಬ್ರೇಕ್: ದುಡ್ಡು ಉಳಿಸಬಾರದ ಜಾಗ

ಬ್ರೇಕ್ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಪೈಪುಗಳ ಮೂಲಕ ನಾಲ್ಕೂ ಚಕ್ರಕ್ಕೆ ಒತ್ತಡ ಮುಟ್ಟಿಸುತ್ತದೆ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿ ಬಿಸಿಯಾದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ, ಬ್ರೇಕ್ ಹಿಡಿಯುವುದಿಲ್ಲ. ಅದೇ ನೀರು ಒಳಗಿನ ಪಿಸ್ಟನ್‌ಗಳಿಗೆ ತುಕ್ಕು ಹಿಡಿಸುತ್ತದೆ. ರಬ್ಬರ್ ವಾಷರ್‌ಗಳು ಗಟ್ಟಿಯಾಗಿ ಸೀಳುತ್ತವೆ.

ಫಾರ್ವರ್ಡ್ ಹೇಳೋದು: "ಬ್ರೇಕ್ ಆಯಿಲ್ ಸಿಗದಿದ್ದರೆ ಎಂಜಿನ್ ಆಯಿಲ್ ಹಾಕಿ, ಎಲ್ಲಾ ಒಂದೇ."

ನಿಜ ಏನು: ಒಂದೇ ಅಲ್ಲ. ಎಂಜಿನ್ ಆಯಿಲ್ ತಗುಲಿದರೆ ಬ್ರೇಕಿನ ರಬ್ಬರ್‌ಗಳು ಉಬ್ಬುತ್ತವೆ. ಮೊದಲು ಬ್ರೇಕ್ ಕಚ್ಚಿಕೊಳ್ಳುತ್ತದೆ, ಆಮೇಲೆ ಪೂರ್ತಿ ಕೈಕೊಡುತ್ತದೆ. ಒಮ್ಮೆ ಹಾಕಿದರೆ ಅದು ಮುಟ್ಟಿದ ರಬ್ಬರನ್ನೆಲ್ಲ ಬದಲಿಸಬೇಕಾಗುತ್ತದೆ.

ಮಾವನ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಬಿಚ್ಚಿ, ನಾಲ್ಕೂ ಚಕ್ರದ ರಬ್ಬರ್ ಕಿಟ್, ಹೋಸ್ ಪೈಪು, ಹ್ಯಾಂಡ್ ಬ್ರೇಕ್ ಕೇಬಲ್ ಹೊಸದು ಹಾಕಿದೆವು. ಇದಕ್ಕೇ ಎರಡು ಭಾನುವಾರ ಹೋಯಿತು. "ಇನ್ನೂ ಎಂಜಿನ್ ಮುಟ್ಟಲೇ ಇಲ್ವಲ್ಲಮ್ಮ" ಅಂತ ಮಾವ ಗೊಣಗಿದರು. ಪೆಡಲ್ ಗಟ್ಟಿಯಾಗಿ ನಿಂತ ದಿನ ಅವರೇ ಐದಾರು ಸಲ ಒತ್ತಿ ನೋಡಿ ಸುಮ್ಮನಾದರು.

ಕೈಯಲ್ಲಿ ತಿರುಗದ ಎಂಜಿನ್ನಿಗೆ ಸೆಲ್ಫ್ ಹೊಡೆಯಬೇಡಿ

ಎಂಜಿನ್ ಬಹಳ ಕಾಲ ನಿಂತರೆ ಪಿಸ್ಟನ್ನಿನ ರಿಂಗುಗಳು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿಕೊಳ್ಳಬಹುದು. ಗೋಡೆಯ ಮೇಲಿದ್ದ ಎಣ್ಣೆಯ ಪದರ ಜಾರಿ ಕೆಳಗಿಳಿದಿರುತ್ತದೆ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ, ಇಲ್ಲವೇ ಗೇರಿಗೆ ಹಾಕಿ ತಳ್ಳಿದರೆ, ರಿಂಗು ಮುರಿಯಬಹುದು, ಗೋಡೆ ಗೀಚಬಹುದು. ಆಗ ಎಂಜಿನ್ ಪೂರ್ತಿ ಬಿಚ್ಚಬೇಕು. ಹತ್ತು ನಿಮಿಷದ ಆತುರ ಇಡೀ ಬಜೆಟ್ಟನ್ನೇ ನುಂಗುವುದು ಇಲ್ಲಿ.

ಅಗ್ಗದ ದಾರಿ ಹೀಗಿದೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ರತಿ ರಂಧ್ರಕ್ಕೂ ಒಂದೆರಡು ಚಮಚ ಎಂಜಿನ್ ಆಯಿಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಕೆಲವು ದಿನ ಬಿಟ್ಟುಬಿಡಿ. ಆಮೇಲೆ ಗೇರು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಪುಲ್ಲಿಯ ನಡುವಿನ ದೊಡ್ಡ ಬೋಲ್ಟಿಗೆ ಸ್ಪಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ, ಇನ್ನೊಂದು ವಾರ. ನಮ್ಮದು ಎರಡನೇ ವಾರಕ್ಕೆ ಅಲುಗಿತು.

ತಿರುಗಿದ ಮೇಲೆ ಹಳೆ ಆಯಿಲ್ ಬಸಿದು, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಪ್ಲಗ್‌ಗಳನ್ನು ಹೊರಗೇ ಬಿಟ್ಟು, ಇಗ್ನಿಷನ್ ಕಾಯಿಲಿನ ವೈರ್ ತೆಗೆದು, ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ. ಬೆಂಕಿ ಹೊತ್ತುವ ಮೊದಲೇ ಬೇರಿಂಗುಗಳಿಗೆ ಎಣ್ಣೆ ಮುಟ್ಟಬೇಕು, ಅದಕ್ಕೆ ಈ ಕ್ರಮ. ಮೆಕ್ಯಾನಿಕ್ ಬಳಿ ಕಂಪ್ರೆಷನ್ ಮೀಟರ್ ಇದ್ದರೆ ಈಗಲೇ ನೋಡಿಸಿ. ನಾಲ್ಕೂ ಸಿಲಿಂಡರಿನ ಲೆಕ್ಕ ಹತ್ತಿರ ಹತ್ತಿರ ಇದ್ದರೆ ಎಂಜಿನ್ ಬಿಚ್ಚುವ ಮಾತೇ ಸದ್ಯಕ್ಕೆ ಬೇಡ.

ತಳ್ಳಿ ಸ್ಟಾರ್ಟ್ ಮಾಡುವುದರಲ್ಲಿ ಇನ್ನೊಂದು ಅಪಾಯ ಇದೆ, ಯಾವ ವಿಡಿಯೊವೂ ಹೇಳುವುದಿಲ್ಲ. ನಿಂತ ಕಾರಿನಲ್ಲಿ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿರಬಹುದು. ಆಗ ಕ್ಲಚ್ ಒತ್ತಿದರೂ ಎಂಜಿನ್ನಿಗೂ ಚಕ್ರಕ್ಕೂ ನಂಟು ಬಿಡುವುದಿಲ್ಲ. ಎಂಜಿನ್ ಹೊತ್ತಿಕೊಂಡರೆ ಗಾಡಿ ಗೇರಿನಲ್ಲೇ ಮುಂದಕ್ಕೆ ನುಗ್ಗುತ್ತದೆ. ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ, ಮುಂದೆ ಇಳಿಜಾರು. ಗಾಡಿ ತಳ್ಳಲು ನಿಂತವರು ಮನೆಯ ಮಕ್ಕಳು.

ಹಳೆ ಪೆಟ್ರೋಲ್ ಪೆಟ್ರೋಲ್ ಅಲ್ಲ

ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶಗಳಿವೆ. ಎಂಜಿನ್ ಸುಲಭವಾಗಿ ಹೊತ್ತಲು ಅವೇ ಬೇಕು. ನಿಂತಲ್ಲಿ ಮೊದಲು ಹಾರಿಹೋಗುವುದೂ ಅವೇ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತದೆ, ವಾರ್ನಿಷ್ ವಾಸನೆ ಬರುತ್ತದೆ. ಕಾರ್ಬುರೇಟರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಕಟ್ಟಿಕೊಳ್ಳುವುದು ಇದರಿಂದಲೇ. ಹಳೆಯದರ ಮೇಲೆ ಎರಡು ಲೀಟರ್ ಹೊಸದು ಸುರಿದರೆ ಆ ಕೊಳೆಯೆಲ್ಲ ಕರಗಿ ಮುಂದಕ್ಕೆ ಹೋಗುತ್ತದೆ ಅಷ್ಟೇ. ಪೂರ್ತಿ ಬಸಿಯಬೇಕು.

ಬಸಿಯುವಾಗ ಪೈಪ್ ಹಾಕಿ ಬಾಯಲ್ಲಿ ಎಳೆಯಬೇಡಿ. ಒಂದು ಗುಟುಕು ಶ್ವಾಸನಾಳಕ್ಕೆ ಹೋದರೂ ಶ್ವಾಸಕೋಶಕ್ಕೆ ಉರಿಯೂತವಾಗುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ವಾಂತಿಯಲ್ಲಿ ಅದು ಮತ್ತೆ ಶ್ವಾಸಕೋಶ ಸೇರುವ ಅಪಾಯ ಹೆಚ್ಚು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಗ್ಗದ ಕೈಪಂಪು ಸಾಕಾಗುವ ಕೆಲಸ ಇದು.

ಫಾರ್ವರ್ಡ್ ಹೇಳೋದು: "ಟ್ಯಾಂಕಿಗೆ ಕೋಲಾ ಸುರಿದರೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಮಾಯ."

ನಿಜ ಏನು: ಕೋಲಾದಲ್ಲಿ ಸ್ವಲ್ಪ ಫಾಸ್ಫಾರಿಕ್ ಆಮ್ಲ ಇದೆ, ಮೇಲ್ಮೇಲಿನ ತುಕ್ಕನ್ನು ಅದು ನಿಧಾನಕ್ಕೆ ಕರಗಿಸುತ್ತದೆ, ನಿಜ. ಜೊತೆಗೆ ಸಕ್ಕರೆಯೂ ಒಳಗೆ ಉಳಿಯುತ್ತದೆ. ಅದಕ್ಕಿಂತ ಬಿಳಿ ವಿನೆಗರ್ ಮೇಲು. ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಪೂರ್ತಿ ತೊಳೆದು ತೆಗೆದ ಮೇಲೆ ವಿನೆಗರ್ ತುಂಬಿ ಒಂದೆರಡು ದಿನ ಬಿಡಬಹುದು. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಬೇಕು, ಇಲ್ಲದಿದ್ದರೆ ಗಂಟೆಗಳಲ್ಲೇ ಹೊಸ ತುಕ್ಕು ಬರುತ್ತದೆ. ತೂತಾಗಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕಿನಲ್ಲಿ ತುಂಬಿರುವುದು ಪೆಟ್ರೋಲ್ ಆವಿ ಮತ್ತು ಗಾಳಿ, ಅದೇ ಸಿಡಿಯುವುದು.

ಇವತ್ತಿನ ಪೆಟ್ರೋಲಿನ ವಿಷಯವೂ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಇ20. 1993ರ ಕಾರಿನ ರಬ್ಬರ್ ಪೈಪುಗಳು ಇದಕ್ಕಾಗಿ ಮಾಡಿದವಲ್ಲ, ಮೆತ್ತಗಾಗಿ ಬಿರುಕು ಬಿಡಬಹುದು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಹಾಗಾಗಿ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪನ್ನೂ, ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿ. ಎಥನಾಲ್ ತೇವ ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಹಳೆ ಅಂಟನ್ನೂ ಅದು ಕರಗಿಸಿ ತರುತ್ತದೆ, ಕೊಳೆ ಕಾಣುವಂಥ ಪಾರದರ್ಶಕ ಫಿಲ್ಟರ್ ಹಾಕಿ.

"ಹಳೆ ಎಂಜಿನ್ನಿಗೆ ಸೀಸದ ಪೆಟ್ರೋಲೇ ಬೇಕು" ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಸೀಸ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿತ್ತು. ಅದು ಮಕ್ಕಳ ಮೆದುಳಿಗೆ ವಿಷ, ಹಾಗಾಗಿ ದೇಶದಲ್ಲಿ 2000ನೇ ಇಸವಿಯಿಂದ ಸೀಸದ ಪೆಟ್ರೋಲ್ ನಿಂತಿತು. ವಾರಕ್ಕೊಮ್ಮೆ ನಿಧಾನಕ್ಕೆ ಓಡಿಸುವ ಕಾರಿಗೆ ಇದು ದೊಡ್ಡ ತೊಂದರೆಯಲ್ಲ. ಮುಂದೆ ಯಾವತ್ತಾದರೂ ಹೆಡ್ ಬಿಚ್ಚಿದರೆ ಗಟ್ಟಿ ವಾಲ್ವ್ ಸೀಟ್ ಹಾಕಿಸಬಹುದು.

ಬ್ಯಾಟರಿಗೆ ಮಾತ್ರೆ ಹಾಕೋದು, ರೇಡಿಯೇಟರಿಗೆ ಬರೀ ನೀರು ಹಾಕೋದು

ಫಾರ್ವರ್ಡ್ ಹೇಳೋದು: "ಸತ್ತ ಬ್ಯಾಟರಿಗೆ ಎರಡು ಆಸ್ಪಿರಿನ್ ಮಾತ್ರೆ ಹಾಕಿ, ಜೀವ ಬರುತ್ತೆ."

ನಿಜ ಏನು: ಆಸ್ಪಿರಿನ್ ಬ್ಯಾಟರಿ ಆ್ಯಸಿಡ್ಡಿನಲ್ಲಿ ಒಡೆದು ಅಸಿಟಿಕ್ ಆಮ್ಲ ಆಗುತ್ತದೆ. ಅದು ಸೀಸದ ಪ್ಲೇಟುಗಳನ್ನೇ ತಿನ್ನುತ್ತದೆ. ಒಂದು ಸಲ ಸ್ಟಾರ್ಟ್ ಆದರೂ ಬ್ಯಾಟರಿಯ ಆಯಸ್ಸು ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಖಾಲಿ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಗಟ್ಟಿ ಪದರ ಕೂತಿರುತ್ತದೆ, ಅದು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹಳೆಯದನ್ನು ಅಂಗಡಿಗೆ ಕೊಟ್ಟರೆ ಹೊಸದರಲ್ಲಿ ಸ್ವಲ್ಪ ದುಡ್ಡು ಕಡಿಮೆ ಮಾಡುತ್ತಾರೆ. ಚಾರ್ಜ್ ಮಾಡುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ.

ಹೊಸ ಬ್ಯಾಟರಿ ಜೋಡಿಸುವ ಮೊದಲು ಇಲಿ ಕಡಿದ ವೈರುಗಳನ್ನೆಲ್ಲ ಸರಿ ಮಾಡಿಸಿ. ಬರಿ ತಾಮ್ರ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ರೇಡಿಯೇಟರ್ ಬಿಚ್ಚಿ ತೊಳೆಸಿದೆವು. ಕಂದು ಕೆಸರು ಬಂತು. ಬರೀ ನಲ್ಲಿ ನೀರು ಹಾಕಿದ ಎಂಜಿನ್ನಿನೊಳಗೆ ತುಕ್ಕು, ಉಪ್ಪು ಕೂರುತ್ತವೆ. ಹೋಸ್ ಪೈಪುಗಳನ್ನು ಬದಲಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಹಾಕಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಆರನೇ ಭಾನುವಾರ

ಕಾರನ್ನು ಶೆಡ್ಡಿನಿಂದ ಹೊರಗೆ, ಸಮತಟ್ಟಾದ ಅಂಗಳಕ್ಕೆ ತಂದು ನಿಲ್ಲಿಸಿದೆವು. ಒಳಗೇ ಸ್ಟಾರ್ಟ್ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ತಲೆಸುತ್ತು ಬಂತು ಅನ್ನುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೇ ಉಳಿದಿರುವುದಿಲ್ಲ.

ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟೆವು. ಚಕ್ರಗಳಿಗೆ ಅಡ್ಡಗಟ್ಟೆ, ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲಕ್ಕೆ. ಡಿಸ್ಟ್ರಿಬ್ಯೂಟರ್ ಪಾಯಿಂಟನ್ನು ಮೆಕ್ಯಾನಿಕ್ ಅಣ್ಣ ಉಜ್ಜಿ ಗ್ಯಾಪ್ ಸರಿಮಾಡಿದ್ದರು. ಮಾವ ಚೋಕ್ ಎಳೆದು ಸೆಲ್ಫ್ ಹೊಡೆದರು. ಮೊದಲನೇ ಸಲ ಏನೂ ಇಲ್ಲ. ಎರಡನೇ ಸಲ ಒಂದು ಕೆಮ್ಮು. ನಾಲ್ಕನೇ ಸಲಕ್ಕೆ ಹೊತ್ತಿಕೊಂಡಿತು. ಸಿಲಿಂಡರಿಗೆ ಬಿಟ್ಟ ಎಣ್ಣೆ ಸುಟ್ಟು ಅಂಗಳ ತುಂಬ ಬಿಳಿ ಹೊಗೆ, ಐದು ನಿಮಿಷಕ್ಕೆ ತಿಳಿಯಾಯಿತು. ಆಯಿಲ್ ದೀಪ ಆರಿತ್ತು. ಎಲ್ಲೂ ಸೋರಿಕೆ ಇರಲಿಲ್ಲ. ಮಾವನ ತಾಯಿ ಜಗಲಿಯಲ್ಲಿ ಕೂತಿದ್ದರು. "ಅವರು ಬಂದಾಗ ಹೀಗೇ ಸದ್ದು ಬರ್ತಿತ್ತು" ಅಂದರು.

ಅವತ್ತೂ ರಸ್ತೆಗೆ ಹೋಗಲಿಲ್ಲ. ಟೈರುಗಳ ಗೆರೆ ಚೆನ್ನಾಗಿತ್ತು, ಆದರೆ ಪಕ್ಕದಲ್ಲಿ 2306 ಅಂತ ಅಚ್ಚಾಗಿತ್ತು. ಮೊದಲ ಎರಡು ಅಂಕಿ ವಾರ, ಕೊನೆಯೆರಡು ವರ್ಷ. ಅಂದರೆ 2006ರ 23ನೇ ವಾರ ತಯಾರಾದ ಟೈರು. ಗೆರೆ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ವೇಗದಲ್ಲಿ ಸಿಡಿಯಬಹುದು. ಹೊಸ ಟೈರು ಹಾಕಿಸಿ, ಇನ್ಶೂರೆನ್ಸ್ ಮಾಡಿಸಿ, ಆರ್‌ಟಿಒ ತಪಾಸಣೆಗೆ ಗಾಡಿಯನ್ನು ಟೋ ಮಾಡಿಸಿಕೊಂಡು ಹೋದೆವು.

ಒಟ್ಟು ಖರ್ಚು ಎಷ್ಟಾಯಿತು?

ನಮ್ಮ ಲೆಕ್ಕದ ಪುಸ್ತಕ ಹೀಗಿದೆ. ನಾಲ್ಕು ಟೈರು 16,000. ಬ್ರೇಕ್ ಸಾಮಾನು 6,000. ಬ್ಯಾಟರಿ 5,500. ಎಲ್ಲ ಆಯಿಲ್, ಫಿಲ್ಟರ್, ಕೂಲಂಟ್ 4,000. ಕಾರ್ಬುರೇಟರ್ ಕಿಟ್, ಪೆಟ್ರೋಲ್ ಪೈಪು, ಪಂಪ್ ರಿಪೇರಿ 3,000. ರೇಡಿಯೇಟರ್ 1,500. ಮೆಕ್ಯಾನಿಕ್ ಕೂಲಿ 9,000. ಎಲ್ಲ ಸೇರಿ 45,000 ರೂಪಾಯಿ, ಕಾಗದಪತ್ರದ ಖರ್ಚು ಬೇರೆ. ನಿಮ್ಮ ಊರಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಬಣ್ಣ, ಸೀಟು, ಕ್ರೋಮ್ ಯಾವುದಕ್ಕೂ ಕೈ ಹಾಕಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ದುಡ್ಡು ಬ್ರೇಕ್ ಮತ್ತು ಟೈರಿಗೇ ಹೋಗಿದೆ, ಅಂದರೆ ಗಾಡಿ ನಿಲ್ಲಿಸುವುದಕ್ಕೆ. ಎಂಜಿನ್ ಬಿಚ್ಚುವ ಖರ್ಚು ಉಳಿದದ್ದು ಎರಡು ವಾರ ಎಣ್ಣೆ ನೆನೆಸಿ ಕಾದದ್ದರಿಂದ.

ಆ ವಿಡಿಯೊ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಆ ಕಾರು ಸ್ಟಾರ್ಟ್ ಆಗಿರಬಹುದು. ಹತ್ತು ನಿಮಿಷದ ವಿಡಿಯೊದಲ್ಲಿ ಅದರ ಹಿಂದಿನ ಹತ್ತು ದಿನದ ಕೆಲಸ ಕಾಣುವುದಿಲ್ಲ. ಒಂದು ವೇಳೆ ಕೆಲಸವೇ ಮಾಡಿರದಿದ್ದರೆ, ಅವರ ಅದೃಷ್ಟ ನಿಮ್ಮ ಇಳಿಜಾರಿಗೂ ಬರುತ್ತದೆ ಅಂತ ಹೇಳಲಾಗದು.

ನಿಮ್ಮ ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ:

1. ಆರ್‌ಸಿ ಯಾರ ಹೆಸರಿನಲ್ಲಿದೆ, ಅವಧಿ ಇದೆಯಾ ನೋಡಿ.
2. ಗ್ಲೌಸ್, ಮಾಸ್ಕ್ ಹಾಕಿ. ಇಲಿಗೂಡು, ಬ್ರೇಕ್ ಧೂಳು ಒದ್ದೆ ಮಾಡಿ ಒರೆಸಿ.
3. ಮೊದಲು ಬ್ರೇಕ್ ಸರಿಮಾಡಿ.
4. ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡದೆ ಸೆಲ್ಫ್ ಹೊಡೆಯಬೇಡಿ, ತಳ್ಳಬೇಡಿ.
5. ಹಳೆ ಆಯಿಲ್, ಹಳೆ ಪೆಟ್ರೋಲ್ ಪೂರ್ತಿ ಬಸಿಯಿರಿ. ಬಾಯಲ್ಲಿ ಎಳೆಯಬೇಡಿ.
6. ಪೆಟ್ರೋಲ್ ಪೈಪು, ಕಡಿದ ವೈರು ಬದಲಿಸಿ.
7. ಬಯಲಿನಲ್ಲಿ, ಸಮತಟ್ಟು ಜಾಗದಲ್ಲಿ ಸ್ಟಾರ್ಟ್ ಮಾಡಿ.
8. ಟೈರಿನ ವಯಸ್ಸು ನೋಡಿ, ಇನ್ಶೂರೆನ್ಸ್ ಮಾಡಿಸಿ, ಆಮೇಲೆ ರಸ್ತೆಗೆ.